ಕಾಮನಬಿಲ್ಲು ಎಲ್ಲಿ ಕಟ್ಟುತ್ತದೆ, ಯಾವಾಗ ಕಟ್ಟುತ್ತದೆ: ನೆರಳು ಮತ್ತು ಎರಡು ಗೇಣಿನ ಲೆಕ್ಕ

ಮಳೆ ಹೊಳವಾಗಿ ಬಿಸಿಲು ಬಿದ್ದ ಕೂಡಲೇ ಅಂಗಳಕ್ಕೆ ಬಂದು ಆಕಾಶದ ಮೂಲೆಮೂಲೆ ಹುಡುಕುವವರೇ ಹೆಚ್ಚು. ಅಷ್ಟು ಹುಡುಕಬೇಕಾಗಿಲ್ಲ. ಆ ಹೊತ್ತಿಗೆ ಕಾಮನಬಿಲ್ಲು ಕಟ್ಟಬಹುದಾದ ಜಾಗ ಒಂದೇ, ಅದನ್ನು ನಿಮ್ಮ ನೆರಳೇ ತೋರಿಸುತ್ತದೆ. ಬಿಲ್ಲು ಎಂಬುದು ಆಕಾಶದಲ್ಲಿ ನೇತುಹಾಕಿದ ವಸ್ತುವಲ್ಲ. ಸೂರ್ಯ, ಹನಿ, ನಿಮ್ಮ ಕಣ್ಣು ಈ ಮೂರರ ನಡುವಿನ ಒಂದು ಕೋನ ಅದು. ಪಕ್ಕದಲ್ಲಿ ನಿಂತವರು ನೋಡುವ ಬಿಲ್ಲು ಬೇರೆ ಹನಿಗಳದ್ದು. ಬಿಲ್ಲಿನ ಬುಡ ಹುಡುಕಿಕೊಂಡು ಓಡಿದರೆ ಅದೂ ಓಡುತ್ತದೆ. ಈ ಕೋನವೊಂದು ಗೊತ್ತಿದ್ದರೆ ಎಷ್ಟು ಗಂಟೆಗೆ, ಯಾವ ದಿಕ್ಕಿಗೆ, ಎಷ್ಟು ಎತ್ತರಕ್ಕೆ ನೋಡಬೇಕು ಎಂಬುದನ್ನು ಮಳೆ ಬರುವ ಮೊದಲೇ ಹೇಳಬಹುದು.

ಜಾಗ ಗುರುತಿಸುವುದು

1. ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ. ನಿಮ್ಮ ತಲೆಯ ನೆರಳು ನೆಲದ ಮೇಲೆ ಎಲ್ಲಿ ಬಿದ್ದಿದೆ ನೋಡಿಕೊಳ್ಳಿ. ಕಣ್ಣಿನಿಂದ ಆ ನೆರಳಿನ ಕಡೆಗೆ ಎಳೆದ ಗೆರೆಯೇ ಬಿಲ್ಲಿನ ವೃತ್ತದ ಕೇಂದ್ರ. ಸೂರ್ಯ ಎಷ್ಟು ಮೇಲಿದ್ದಾನೋ ಈ ಕೇಂದ್ರ ದಿಗಂತಕ್ಕಿಂತ ಅಷ್ಟೇ ಕೆಳಗಿರುತ್ತದೆ.
2. ತೋಳನ್ನು ಪೂರ್ತಿ ಚಾಚಿ, ಹೆಬ್ಬೆರಳು ಮತ್ತು ಕಿರುಬೆರಳನ್ನು ಬಿಡಿಸಿ ಗೇಣು ಮಾಡಿ. ಚಾಚಿದ ತೋಳಿನ ತುದಿಯ ಒಂದು ಗೇಣು ಸುಮಾರು 20 ಡಿಗ್ರಿ, ಒಂದು ಮುಷ್ಟಿ ಸುಮಾರು 10, ಕಿರುಬೆರಳಿನ ಅಗಲ 1 ಡಿಗ್ರಿ. ಮಕ್ಕಳ ಕೈ ಚಿಕ್ಕದಾದರೂ ತೋಳೂ ಗಿಡ್ಡವಾದ್ದರಿಂದ ಲೆಕ್ಕ ಹೆಚ್ಚುಕಡಿಮೆ ಅದೇ.
3. ತಲೆಯ ನೆರಳಿನಿಂದ ನೇರ ಮೇಲಕ್ಕೆ ಎರಡು ಗೇಣು, ಇನ್ನೆರಡು ಕಿರುಬೆರಳು ಅಳೆಯಿರಿ. ಅದು 42 ಡಿಗ್ರಿ, ಬಿಲ್ಲಿನ ನೆತ್ತಿ. ನೆರಳಿನಿಂದ ಎಡಕ್ಕೂ ಬಲಕ್ಕೂ ಓರೆಯಾಗಿ ಅಷ್ಟೇ ಅಳೆಯುತ್ತಾ ಬಂದರೆ, ಅಳತೆ ದಿಗಂತ ಮುಟ್ಟಿದ ಕಡೆ ಅದರ ಕಾಲುಗಳು ಸಿಗುತ್ತವೆ.
4. ಆ ವೃತ್ತದ ಗೆರೆಯ ಮೇಲೆ ಎಲ್ಲಾದರೂ ಮಳೆ ಬೀಳುತ್ತಿದೆಯೇ, ಆ ಮಳೆಯ ಮೇಲೆ ಬಿಸಿಲು ಬಿದ್ದಿದೆಯೇ ನೋಡಿ. ಎರಡೂ ಇದ್ದರೆ ಬಿಲ್ಲು ಇರಲೇಬೇಕು. ಒಂದು ಕಡೆ ಮಾತ್ರ ಇದ್ದರೆ ಆ ತುಂಡಷ್ಟೇ ಕಾಣುತ್ತದೆ.

ಇನ್ನೂ ಸುಲಭದ ಪರೀಕ್ಷೆ ನೆರಳಿನ ಉದ್ದ. ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಇಡೀ ವೃತ್ತ ದಿಗಂತದ ಕೆಳಗೆ ಹೋಗುತ್ತದೆ, ಸಮತಟ್ಟು ನೆಲದಲ್ಲಿ ನಿಂತವರಿಗೆ ಆಕಾಶದಲ್ಲಿ ಏನೂ ಉಳಿಯುವುದಿಲ್ಲ. ಆ ಹೊತ್ತಿಗೆ 1 ಮೀಟರ್ ಕೋಲಿನ ನೆರಳು 1.11 ಮೀಟರ್ ಇರುತ್ತದೆ. ಆದ್ದರಿಂದ ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಆಕಾಶ ನೋಡಿ ಕತ್ತು ನೋಯಿಸಿಕೊಳ್ಳಬೇಡಿ. ನೆರಳು ಉದ್ದವಾದಷ್ಟೂ ಬಿಲ್ಲು ಎತ್ತರ. ಸೂರ್ಯ 30 ಡಿಗ್ರಿಯಲ್ಲಿದ್ದರೆ ನೆತ್ತಿ ದಿಗಂತದಿಂದ 12 ಡಿಗ್ರಿ ಮಾತ್ರ ಮೇಲೆ, ತೆಂಗಿನಮರದ ಹಿಂದೆಯೋ ಎದುರುಮನೆಯ ತಾರಸಿಯ ಹಿಂದೆಯೋ ಅಡಗಿಹೋಗುವಷ್ಟು. ಸೂರ್ಯ ಮುಳುಗುವ ಹೊತ್ತಿಗೆ ಪೂರ್ತಿ ಅರ್ಧವೃತ್ತ.

ಹೊತ್ತು ಮತ್ತು ಮಳೆ

ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಮೇ ನಡುವಿನಲ್ಲಿ ಬೆಳಗ್ಗೆ ಸುಮಾರು 9ರೊಳಗೆ ಅಥವಾ ಮಧ್ಯಾಹ್ನ ಮೂರೂವರೆಯ ನಂತರವೇ ಬಿಲ್ಲು ಸಾಧ್ಯ. ಸೆಪ್ಟೆಂಬರ್ ಕೊನೆಯಲ್ಲಿ 9ರೊಳಗೆ ಅಥವಾ 3.20ರ ನಂತರ. ಡಿಸೆಂಬರಿನಲ್ಲಿ ಸೂರ್ಯ ತಗ್ಗಿನಲ್ಲಿ ಸಾಗುವುದರಿಂದ 10ರವರೆಗೂ, ಮತ್ತೆ ಎರಡೂವರೆಯಿಂದಲೂ ಅವಕಾಶ ಇದೆ, ಆದರೆ ಆಗ ಮಳೆಯೇ ಅಪರೂಪ. ಮಂಗಳೂರು, ಕಾರವಾರದವರು ಈ ಹೊತ್ತಿಗೆ ಹತ್ತು-ಹದಿನೈದು ನಿಮಿಷ ಸೇರಿಸಿಕೊಳ್ಳಬೇಕು. ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಈ ತಾಪತ್ರಯವಿಲ್ಲ: ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಅಲ್ಲಿ ಸೂರ್ಯ 42 ಡಿಗ್ರಿಗೆ ಏರುವುದೇ ಇಲ್ಲ, ನಟ್ಟನಡು ಮಧ್ಯಾಹ್ನವೂ ಬಿಲ್ಲು ಕಟ್ಟಬಹುದು.

ಮಳೆ ಹೆಚ್ಚಿದ್ದಲ್ಲಿ ಬಿಲ್ಲೂ ಹೆಚ್ಚು ಎಂಬುದು ತಪ್ಪು ಲೆಕ್ಕ. ಆರಿದ್ರಾ, ಪುನರ್ವಸು ಮಳೆಯಲ್ಲಿ ಮಲೆನಾಡು ಮತ್ತು ಕರಾವಳಿಯ ಆಕಾಶ ದಿನಗಟ್ಟಲೆ ಮುಚ್ಚಿಯೇ ಇರುತ್ತದೆ. ಹನಿಗೆ ಬರವಿಲ್ಲ, ಬಿಸಿಲಿಗೆ ಬರ. ಬಿಲ್ಲಿಗೆ ಬೇಕಾದದ್ದು ತುಂಡು ಮಳೆ: ಒಂದು ಕಡೆ ಸುರಿಯುತ್ತಿರಬೇಕು, ಎದುರು ಕಡೆ ತೆರವಾಗಿರಬೇಕು. ದಕ್ಷಿಣ ಒಳನಾಡಿನಲ್ಲಿ ಏಪ್ರಿಲ್-ಮೇ ತಿಂಗಳ ಭರಣಿ, ಕೃತ್ತಿಕೆಯ ಗುಡುಗು ಮಳೆ, ಆಮೇಲೆ ಸೆಪ್ಟೆಂಬರ್-ಅಕ್ಟೋಬರಿನ ಹಸ್ತ, ಚಿತ್ತ ಮಳೆ ಇಂಥವು. ಇವು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಸಂಜೆ ಬೀಳುತ್ತವೆ. ಮೋಡ ಮೂಡಣಕ್ಕೆ ಸರಿದು ಪಡುವಣ ತೆರೆದುಕೊಂಡರೆ ಹೊರಗೆ ಬನ್ನಿ. ಬೆಳಗ್ಗೆಯಾದರೆ ಪಡುವಣಕ್ಕೆ ಮುಖ ಮಾಡಬೇಕು. ನರಿ ಮದುವೆ ಎನ್ನುವ ಬಿಸಿಲು-ಮಳೆ ಹೊತ್ತಿನಲ್ಲಿ ನೀವೇ ಮಳೆಯೊಳಗಿರುತ್ತೀರಿ, ಆಗ ಬಿಲ್ಲಿನ ಒಂದು ಕಾಲು ಎದುರಿನ ಮರದ ಮುಂದೆಯೇ ಇಳಿದಂತೆ ಕಾಣಬಹುದು. ಅದು ಭ್ರಮೆಯಲ್ಲ, ಆ ಮರಕ್ಕೂ ನಿಮಗೂ ನಡುವಿನ ಹನಿಗಳೂ ಬಣ್ಣ ಕಳಿಸುತ್ತಿರುತ್ತವೆ.

ಹನಿಯೊಳಗೆ ನಡೆಯುವುದು

ಬೆಳಕು ಹನಿಯೊಳಗೆ ಹೋಗುವಾಗ ಬಾಗುತ್ತದೆ, ಹಿಂದಿನ ಗೋಡೆಗೆ ಬಡಿದು ಪ್ರತಿಫಲಿಸುತ್ತದೆ, ಹೊರಬರುವಾಗ ಮತ್ತೆ ಬಾಗುತ್ತದೆ. ಶಾಲೆಯಲ್ಲಿ ಇಷ್ಟನ್ನು ಎಲ್ಲರೂ ಓದಿರುತ್ತಾರೆ. ಆದರೆ ಹನಿ ದುಂಡಗಿದೆ, ಬೆಳಕು ಅದರ ಮೈಯ ಎಲ್ಲ ಕಡೆಯೂ ಬೀಳುತ್ತದೆ, ಎಲ್ಲ ಕಡೆಯಿಂದಲೂ ಮರಳುತ್ತದೆ. ಹಾಗಿದ್ದಮೇಲೆ 42 ಡಿಗ್ರಿಯಲ್ಲೇ ಏಕೆ ಬಿಲ್ಲು? ಈ ಪ್ರಶ್ನೆಗೆ ಉತ್ತರ ಕೊಡದ ಚಿತ್ರ ಬಿಲ್ಲನ್ನು ವಿವರಿಸಿದಂತಾಗುವುದಿಲ್ಲ.

ಹನಿಯ ತ್ರಿಜ್ಯವನ್ನು 1 ಎಂದುಕೊಳ್ಳಿ. ನಟ್ಟನಡುವೆ ಬಿದ್ದ ಕಿರಣ ಬಂದ ದಾರಿಯಲ್ಲೇ ಮರಳುತ್ತದೆ, ಕೋನ ಸೊನ್ನೆ. ನಡುವಿನಿಂದ 0.25ರಷ್ಟು ದೂರ ಬಿದ್ದದ್ದು 14 ಡಿಗ್ರಿ ಓರೆಯಾಗಿ ಮರಳುತ್ತದೆ, 0.5ರಲ್ಲಿ ಬಿದ್ದದ್ದು 28 ಡಿಗ್ರಿ. 0.8ಕ್ಕೆ ಬಂದಾಗ 41.3. 0.86ರಲ್ಲಿ 42. ಅಲ್ಲಿಂದ ಮುಂದೆ ಕೋನ ಹೆಚ್ಚುವುದಿಲ್ಲ, ಹಿಂದಕ್ಕೆ ತಿರುಗುತ್ತದೆ: 0.9ರಲ್ಲಿ 41.6, 0.95ರಲ್ಲಿ 38, ತೀರಾ ಅಂಚಿನಲ್ಲಿ ಮತ್ತೆ 14. ಅಂದರೆ 42 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಯಾವ ಕಿರಣವೂ ಹೋಗಲಾರದು. 0.8ರಿಂದ 0.9ರವರೆಗಿನ ಅಗಲದ ಪಟ್ಟಿಯಲ್ಲಿ ಬಿದ್ದ ಬೆಳಕೆಲ್ಲ ಒಂದು ಡಿಗ್ರಿಯೊಳಗೇ ಒತ್ತೊತ್ತಾಗಿ ಹೊರಬರುತ್ತದೆ. ಈ ದಟ್ಟಣೆಯೇ ಬಿಲ್ಲು. ಉಳಿದ ಬೆಳಕು ವೃತ್ತದ ಒಳಗೆ ಹರಡಿಹೋಗುತ್ತದೆ, ಅದಕ್ಕೇ ಬಿಲ್ಲಿನ ಒಳಗಿನ ಆಕಾಶ ಹೊರಗಿನದ್ದಕ್ಕಿಂತ ಬೆಳ್ಳಗೆ ಕಾಣುವುದು. ಮುಂದಿನ ಬಿಲ್ಲು ಕಂಡಾಗ ಬಣ್ಣಕ್ಕಿಂತ ಮೊದಲು ಇದನ್ನೇ ನೋಡಿ.

ಬಣ್ಣ ಬರುವುದು ಈ ಮಿತಿಯ ಕೋನ ಪ್ರತಿ ಬಣ್ಣಕ್ಕೂ ಸ್ವಲ್ಪ ಬೇರೆಯಾದ್ದರಿಂದ. ನೀರಿನ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ, ಕೆಂಪಿಗೆ ಸುಮಾರು 1.331, ನೇರಳೆಗೆ 1.343. ಕೆಂಪು 42.4 ಡಿಗ್ರಿಯಲ್ಲಿ ಒತ್ತೊತ್ತಾಗುತ್ತದೆ, ನೇರಳೆ 40.6ರಲ್ಲಿ. ಒಂದು ಹನಿಯಿಂದ ನಿಮ್ಮ ಕಣ್ಣಿಗೆ ಒಂದೇ ಬಣ್ಣ. ಕೆಂಪು ಕಳಿಸಿದ ಮೇಲಿನ ಹನಿಯ ನೇರಳೆ ನಿಮ್ಮ ತಲೆಯ ಮೇಲಿಂದ ಹಾದುಹೋಗುತ್ತದೆ, ನೇರಳೆ ಕಾಣುವುದು ಅದಕ್ಕಿಂತ ಕೆಳಗಿನ ಹನಿಯಿಂದ. ಸೂರ್ಯನೇ ಅರ್ಧ ಡಿಗ್ರಿ ಅಗಲವಿರುವುದರಿಂದ ಬಣ್ಣಗಳು ಒಂದರ ಮೇಲೊಂದು ಸ್ವಲ್ಪ ಹರಡಿಕೊಂಡು, ಪಟ್ಟಿಯ ಒಟ್ಟು ಅಗಲ ಎರಡು ಡಿಗ್ರಿ ಮೀರುತ್ತದೆ. ಏಳು ಬಣ್ಣ ಎಂಬ ಎಣಿಕೆ ನ್ಯೂಟನ್ನನದು. ಕಣ್ಣಾರೆ ನೋಡುವಾಗ ಐದು ಸ್ಪಷ್ಟವಾಗಿ ಕಂಡರೆ ಅದೇ ಒಳ್ಳೆಯ ಬಿಲ್ಲು.

ಒಂದು ತಪ್ಪನ್ನು ಇಲ್ಲೇ ತಿದ್ದಿಬಿಡಬೇಕು. ಹನಿಯ ಹಿಂದಿನ ಗೋಡೆಯಲ್ಲಿ ಪೂರ್ಣ ಆಂತರಿಕ ಪ್ರತಿಫಲನ ಆಗುತ್ತದೆ ಎಂದು ಎಷ್ಟೋ ನೋಟ್ಸುಗಳಲ್ಲಿ ಬರೆದಿರುತ್ತದೆ. ಆಗುವುದಿಲ್ಲ. ನೀರಿನಿಂದ ಗಾಳಿಗೆ ಹೊರಡುವ ಬೆಳಕಿಗೆ ಕ್ರಾಂತಿಕೋನ (ಇದನ್ನು ಮೀರಿದರೆ ಮಾತ್ರ ಬೆಳಕೆಲ್ಲ ಒಳಗೇ ಮರಳುತ್ತದೆ) 48.6 ಡಿಗ್ರಿ, ಬಿಲ್ಲಿನ ಕಿರಣ ಹಿಂದಿನ ಗೋಡೆಗೆ ಬಡಿಯುವುದು ಸುಮಾರು 40 ಡಿಗ್ರಿಯಲ್ಲಿ. ನೂರರಲ್ಲಿ ಸುಮಾರು 94 ಪಾಲು ಹಿಂದಿನಿಂದ ಹೊರಗೆ ಹೋಗಿಬಿಡುತ್ತದೆ, ಮರಳುವುದು ಆರೇ ಪಾಲು. ನಾವು ಬೆರಗಾಗುವುದು ಆ ಆರು ಪಾಲಿಗೆ.

ಅಂಗಳದಲ್ಲಿ ಬಿಲ್ಲು ಕಟ್ಟುವುದು

ಬೇಕಾದದ್ದು ನೀರಿನ ಪೈಪು, ಅದರ ತುದಿಗೆ ಸಣ್ಣ ತುಂತುರು ಬಿಡುವ ನಾಜಲ್. ಬೆನ್ನಿಗೆ ಹಾಕುವ ಔಷಧಿ ಹೊಡೆಯುವ ಪಂಪು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಒಮ್ಮೆಯೂ ಕೀಟನಾಶಕ ತುಂಬದ ಹೊಸ ಪಂಪು ಮಾತ್ರ. ತೊಳೆದಿದ್ದೇವೆ ಎಂದು ಹಳೆಯದನ್ನು ಮಕ್ಕಳ ಕೈಗೆ ಕೊಡಬಾರದು.

1. ಬೆಳಗ್ಗೆ ಎಂಟರ ಆಸುಪಾಸು ಅಥವಾ ಸಂಜೆ ನಾಲ್ಕೂವರೆಯ ಮೇಲೆ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ.
2. ಎದುರಿಗೆ ಕಪ್ಪಾದ ಹಿನ್ನೆಲೆ ಇರಲಿ: ನೆರಳಿನಲ್ಲಿರುವ ಗೋಡೆ, ಗಿಡಗಳ ಸಾಲು, ಬಾಗಿಲು ತೆರೆದ ಕೊಟ್ಟಿಗೆ. ಬಿಳಿ ಸುಣ್ಣದ ಗೋಡೆಯ ಮುಂದೆ ಬಿಲ್ಲು ಇದ್ದರೂ ಕಾಣುವುದಿಲ್ಲ.
3. ತುಂತುರನ್ನು ಎರಡು-ಮೂರು ಮೀಟರ್ ದೂರಕ್ಕೆ, ತಲೆಯ ನೆರಳಿನಿಂದ ಎರಡು ಗೇಣಿನ ಜಾಗಕ್ಕೆ ಬಿಡಿ.
4. ಒಂದು ಕಣ್ಣು ಮುಚ್ಚಿ. ಹತ್ತಿರದ ತುಂತುರಿನಲ್ಲಿ ಎಡಗಣ್ಣಿಗೊಂದು, ಬಲಗಣ್ಣಿಗೊಂದು ಬಿಲ್ಲು ಕಾಣುವುದರಿಂದ ಎರಡೂ ತೆರೆದಿದ್ದರೆ ಚಿತ್ರ ಜೋಡಿಯಾಗುತ್ತದೆ.

ಬಾರದಿದ್ದರೆ ಹೆಚ್ಚಿನ ಪಾಲು ಕಾರಣ ಹನಿಯ ಗಾತ್ರ. ಪೈಪಿನ ಬಾಯಿಗೆ ಬೆರಳೊತ್ತಿ ಹಾರಿಸಿದ ನೀರು ಹಾಳೆಹಾಳೆಯಾಗಿ, ದಪ್ಪ ಎಳೆಗಳಾಗಿ ಬರುತ್ತದೆ, ಅದರಲ್ಲಿ ದುಂಡು ಹನಿಗಳೇ ಕಡಿಮೆ. ತೀರಾ ಮಂಜಿನಂಥ ಸಿಂಪಡಣೆಯಾದರೆ ಬಣ್ಣ ಬಿಳಿಚಿಕೊಳ್ಳುತ್ತದೆ. ನಡುಮಧ್ಯಾಹ್ನವೂ ಮಾಡಬಹುದು, ಆಗ ಆಕಾಶದ ಕಡೆಗಲ್ಲ, ಕಾಲಬುಡದ ಕಡೆಗೆ ನೀರು ಬಿಡಬೇಕು. ಸೂರ್ಯ 50 ಡಿಗ್ರಿ ಮೇಲಿರುವಾಗ ಗಟ್ಟಿ ಪ್ಯಾರಪೆಟ್ ಇರುವ ತಾರಸಿಯಿಂದ ಕೆಳಗಿನ ಅಂಗಳಕ್ಕೆ ತುಂತುರು ಹರಡಿದರೆ ನಿಮ್ಮ ತಲೆಯ ನೆರಳಿನ ಸುತ್ತ ಇಡೀ ವೃತ್ತವೇ ಕಟ್ಟುತ್ತದೆ. ನೆಲ ಅಡ್ಡ ಬರುವುದರಿಂದಷ್ಟೇ ನಾವು ಅದನ್ನು ಬಿಲ್ಲು ಎನ್ನುವುದು.

ಜೋಗ, ಗಗನಚುಕ್ಕಿ, ಗೋಕಾಕ ಜಲಪಾತಗಳಿಗೂ ಇದೇ ಲೆಕ್ಕ. ತುಂತುರು ನಿಮಗಿಂತ ಕೆಳಗೆ ಏಳುತ್ತದೆ, ಹಾಗಾಗಿ 42 ಡಿಗ್ರಿಯ ನಿಯಮ ನಿಮ್ಮನ್ನು ಕಟ್ಟಿಹಾಕುವುದಿಲ್ಲ. ನೆರಳು ಕಣಿವೆಯ ಕಡೆಗೆ ಬೀಳುವ ಹೊತ್ತು ನೋಡಿಕೊಂಡು ಹೋದರೆ ಸಾಕು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಹಾಕುತ್ತಾರಲ್ಲ, ಅಲ್ಲಿ ಬೇಸಿಗೆಯಲ್ಲೇ ದಿನವೂ ಸಿಗುತ್ತದೆ. ಕರಾವಳಿಯಲ್ಲಿ ಬೆಳಗಿನ ಹೊತ್ತು ತೆರೆ ಒಡೆದ ತುಂತುರಿನಲ್ಲಿ ಕಾಣುವ ಬಿಲ್ಲು ಸುಮಾರು ಒಂದು ಡಿಗ್ರಿಯಷ್ಟು ಚಿಕ್ಕದು, ಉಪ್ಪುನೀರು ಬೆಳಕನ್ನು ಕೊಂಚ ಹೆಚ್ಚು ಬಾಗಿಸುತ್ತದೆ.

ಒಂದೇ ಹನಿಯ ಬಿಲ್ಲು

14ನೇ ಶತಮಾನದ ಆರಂಭದಲ್ಲಿ ಪರ್ಷಿಯಾದ ಕಮಾಲುದ್ದೀನ್ ಅಲ್-ಫಾರಿಸಿ, ಜರ್ಮನಿಯ ಥಿಯೋಡೊರಿಕ್ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ನೀರು ತುಂಬಿದ ಗಾಜಿನ ಗೋಳವನ್ನೇ ದೊಡ್ಡ ಹನಿ ಎಂದುಕೊಂಡು ಬೆಳಕಿನ ದಾರಿ ಕಂಡುಕೊಂಡರು. 1637ರಲ್ಲಿ ಫ್ರಾನ್ಸಿನ ದೆಕಾರ್ತ್ ಕಿರಣಗಳನ್ನು ಒಂದೊಂದಾಗಿ ಲೆಕ್ಕ ಹಾಕಿ 42 ಡಿಗ್ರಿಯ ದಟ್ಟಣೆಯನ್ನು ತೋರಿಸಿದ. ಈ ಪ್ರಯೋಗ ಹೈಸ್ಕೂಲಿನ ಲ್ಯಾಬಿನಲ್ಲಿ ಅರ್ಧ ಗಂಟೆಯ ಕೆಲಸ.

ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುವ ದುಂಡು ತಳದ 250 ಮಿ.ಲೀ. ಗಾಜಿನ ಫ್ಲಾಸ್ಕ್ ತೆಗೆದುಕೊಳ್ಳಿ, ಅದರ ವ್ಯಾಸ ಸುಮಾರು 8.5 ಸೆಂ.ಮೀ. ಇರುತ್ತದೆ. 70 ಸೆಂ.ಮೀ. ಚೌಕದ ರಟ್ಟಿನ ನಡುವೆ 10 ಸೆಂ.ಮೀ. ದುಂಡು ತೂತು ಕೊರೆದು, ಒಂದು ಮುಖಕ್ಕೆ ಬಿಳಿ ಹಾಳೆ ಅಂಟಿಸಿ.

1. ಫ್ಲಾಸ್ಕಿಗೆ ಕತ್ತಿನವರೆಗೆ ತಿಳಿನೀರು ತುಂಬಿ, ಗೋಡೆಗೆ ಅಂಟಿದ ಗಾಳಿಗುಳ್ಳೆಗಳನ್ನು ತಟ್ಟಿ ತೆಗೆಯಿರಿ.
2. ರಟ್ಟನ್ನು ಬಿಸಿಲಿಗೆ ನೇರ ಅಡ್ಡಲಾಗಿ ಹಿಡಿಯಿರಿ, ಬಿಳಿ ಮುಖ ಸೂರ್ಯನಿಗೆ ವಿರುದ್ಧ ಇರಲಿ. ತೂತಿನಿಂದ ಬಂದ ಬೆಳಕು ರಟ್ಟಿನ ಹಿಂದೆ ದುಂಡಗೆ ಬೀಳಬೇಕು. ಮೊಟ್ಟೆಯಾಕಾರವಾದರೆ ರಟ್ಟು ಓರೆಯಾಗಿದೆ ಎಂದರ್ಥ.
3. ಆ ಬೆಳಕಿನ ಸರಿನಡುವೆ, ರಟ್ಟಿನಿಂದ 25 ಸೆಂ.ಮೀ. ಹಿಂದೆ ಫ್ಲಾಸ್ಕನ್ನು ಸ್ಟ್ಯಾಂಡಿಗೆ ಕಟ್ಟಿ.
4. ಬಿಳಿ ಹಾಳೆಯನ್ನು ನೋಡಿ. ತೂತಿನ ಸುತ್ತ ಸುಮಾರು 27 ಸೆಂ.ಮೀ. ತ್ರಿಜ್ಯದ ಬಣ್ಣದ ಉಂಗುರ ಬಿದ್ದಿರುತ್ತದೆ, ಕೆಂಪು ಹೊರಗೆ.

ತೂತು ಚಿಕ್ಕದು ಮಾಡಿದರೆ ಬೆಳಕು ಚೂಪಾಗುತ್ತದೆ ಎಂದುಕೊಂಡು 3-4 ಸೆಂ.ಮೀ. ತೂತು ಕೊರೆದರೆ ಉಂಗುರ ಬರುವುದಿಲ್ಲ, ಏಕೆಂದರೆ ಬಿಲ್ಲು ಕಟ್ಟುವ ಬೆಳಕು ಬೀಳಬೇಕಾದದ್ದು ಗೋಳದ ನಡುವೆ ಅಲ್ಲ, 0.86ರ ಅಂಚಿನ ಹತ್ತಿರ. ಫ್ಲಾಸ್ಕಿನ ಅರ್ಧ ಭಾಗವನ್ನು ಕಪ್ಪು ಕಾಗದದಿಂದ ಮರೆಮಾಡಿ ಉಂಗುರದ ಯಾವ ಅರ್ಧ ಮಾಯವಾಗುತ್ತದೆ ನೋಡಿದರೆ ಕಿರಣದ ದಾರಿ ತಾನೇ ಗೊತ್ತಾಗುತ್ತದೆ. ಎಚ್ಚರ: ನೀರು ತುಂಬಿದ ಗೋಳ ಬಿಸಿಲನ್ನು ತನ್ನ ಹಿಂದೆ ನಾಲ್ಕೈದು ಸೆಂಟಿಮೀಟರಿನಲ್ಲಿ ಒಟ್ಟುಗೂಡಿಸುತ್ತದೆ, ಅಲ್ಲಿ ಬಟ್ಟೆ, ಕಾಗದ ಇದ್ದರೆ ಸುಟ್ಟೀತು. ಪ್ರಯೋಗ ಮುಗಿದಮೇಲೆ ಅದನ್ನು ಕಿಟಕಿಯಲ್ಲಿ ಬಿಟ್ಟು ಹೋಗಬೇಡಿ.

ತಟ್ಟೆಯ ನೀರಿನಲ್ಲಿ ಕನ್ನಡಿ ಓರೆಯಾಗಿಟ್ಟು ಗೋಡೆಗೆ ಬಣ್ಣ ಬೀಳಿಸುವ ಪ್ರಯೋಗ ಚೆಂದವೇ, ಆದರೆ ಅದು ಪಟ್ಟಕದ (ಪ್ರಿಸಂ) ಕೆಲಸ. ಬಣ್ಣ ಬೇರೆಯಾಗುವುದು ಕಾಣುತ್ತದೆ, ಬಿಲ್ಲು ಏಕೆ ಬಾಗಿದೆ ಎಂಬುದು ಕಾಣುವುದಿಲ್ಲ. ಸಿ.ಡಿ.ಯ ಮೇಲಿನ ಬಣ್ಣಗಳದ್ದಂತೂ ಬೇರೆಯದೇ ಸಂಗತಿ, ಅದು ವಿವರ್ತನೆ, ಅಂದರೆ ಒತ್ತೊತ್ತಾದ ಸಣ್ಣ ಗೆರೆಗಳಲ್ಲಿ ಬೆಳಕಿನ ಅಲೆಗಳು ಹರಡಿ ಬಣ್ಣ ಬೇರೆಯಾಗುವುದು.

ಬಿಲ್ಲು ಕಂಡಾಗ ನೋಡಬೇಕಾದವು

ಮೊದಲ ಬಿಲ್ಲಿನಿಂದ ಹೊರಕ್ಕೆ ಒಂದು ಮುಷ್ಟಿ ಅಳೆಯಿರಿ. ಅಲ್ಲಿ, 50ರಿಂದ 53 ಡಿಗ್ರಿಯಲ್ಲಿ, ಹನಿಯೊಳಗೆ ಎರಡು ಸಲ ಪ್ರತಿಫಲಿಸಿದ ಬೆಳಕಿನ ಎರಡನೇ ಬಿಲ್ಲು ಇರುತ್ತದೆ. ಬಣ್ಣಗಳ ಕ್ರಮ ತಿರುವುಮುರುವು, ಕೆಂಪು ಒಳಗೆ. ಹೊಳಪು ಮೊದಲನೆಯದರ ಅರ್ಧಕ್ಕಿಂತ ಕಡಿಮೆ, ಅದಕ್ಕೇ ಹುಡುಕದವರಿಗೆ ಕಾಣುವುದಿಲ್ಲ. ಎರಡರ ನಡುವಿನ ಆಕಾಶ ಸುತ್ತಲಿಗಿಂತ ಕಪ್ಪಾಗಿರುತ್ತದೆ, ಆ ಪಟ್ಟಿಗೆ ಒಂದು ಪ್ರತಿಫಲನದ ಬೆಳಕೂ ಬರಲಾರದು, ಎರಡು ಪ್ರತಿಫಲನದ್ದೂ ಬರಲಾರದು. ಇದನ್ನು ಸುಮಾರು ಕ್ರಿ.ಶ. 200ರಲ್ಲೇ ಬಣ್ಣಿಸಿದ ಅಲೆಕ್ಸಾಂಡರ್ ಎಂಬ ಗ್ರೀಕ್ ಚಿಂತಕನ ಹೆಸರಿನಿಂದಲೇ ಕರೆಯುತ್ತಾರೆ. ಮೂರನೇ ಬಿಲ್ಲು ಬೀಳುವುದು ಸೂರ್ಯನ ಕಡೆಗೇ, ಅವನ ಸುತ್ತ ಸುಮಾರು 40 ಡಿಗ್ರಿಯಲ್ಲಿ. ಅದು ಎಷ್ಟು ಮಸುಕೆಂದರೆ ಮೊದಲ ಛಾಯಾಚಿತ್ರ ಸಿಕ್ಕಿದ್ದು 2011ರಲ್ಲಿ, ಜರ್ಮನಿಯಲ್ಲಿ.

ಬಿಲ್ಲು ನೋಡಿ ಹನಿಯ ಗಾತ್ರ ಹೇಳಬಹುದು. ಕೆಂಪು ಢಾಳಾಗಿದ್ದರೆ ಹನಿ ಒಂದು ಮಿಲಿಮೀಟರಿನ ಆಸುಪಾಸು ಅಥವಾ ಮೇಲೆ. ನೇರಳೆಯ ಒಳಬದಿಗೆ ಗುಲಾಬಿ-ಹಸಿರಿನ ತೆಳು ಗೆರೆಗಳು ಮರುಕಳಿಸಿದ್ದರೆ ಹನಿಗಳು ಅದಕ್ಕಿಂತ ಸಣ್ಣವು ಮತ್ತು ಒಂದೇ ಅಳತೆಯವು. ಈ ಗೆರೆಗಳನ್ನು ಕಿರಣದ ಲೆಕ್ಕ ವಿವರಿಸಲಾರದು, ಬೆಳಕನ್ನು ಅಲೆಯೆಂದು ಹಿಡಿದಾಗಲೇ, 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್‌ನಿಂದ, ಉತ್ತರ ಸಿಕ್ಕಿತು. ಮಂಜಿನ ಹನಿಗಳಲ್ಲಿ, 0.05 ಮಿ.ಮೀ.ಗಿಂತ ಕೆಳಗೆ, ಬಣ್ಣಗಳೆಲ್ಲ ಕಲೆತು ಬಿಳಿ ಬಿಲ್ಲಾಗುತ್ತದೆ. ಮುಳ್ಳಯ್ಯನಗಿರಿಯಂಥ ಬೆಟ್ಟದ ನೆತ್ತಿಯಲ್ಲಿ ಮುಂಜಾನೆ ಕಣಿವೆಯಲ್ಲಿ ಮಂಜಿದ್ದು, ಬೆನ್ನಿಗೆ ಬಿಸಿಲಿದ್ದರೆ ಅದನ್ನು ಹುಡುಕಿ. ಸೂರ್ಯ ಮುಳುಗುವ ಹೊತ್ತಿನಲ್ಲಿ ನೀಲಿ, ಹಸಿರು ಬೆಳಕು ದಾರಿಯಲ್ಲೇ ಚದುರಿಹೋಗಿ ಕೆಂಪು ಮಾತ್ರದ ಬಿಲ್ಲು ಉಳಿಯುವುದೂ ಉಂಟು.

ಕೋನ ಅಳೆದು ನೋಡಲು

ಬಿಲ್ಲು ಇರುವುದು ಕೆಲವೇ ನಿಮಿಷ, ಆದ್ದರಿಂದ ಸಾಮಾನು ಮೊದಲೇ ಸಿದ್ಧವಿರಲಿ: 1 ಮೀಟರ್ ಕೋಲು, ಟೇಪು, ಕೋನಮಾಪಕದ ನಡುವಿಗೆ ದಾರದಲ್ಲಿ ಕಟ್ಟಿದ ಸಣ್ಣ ತೂಕ. ಕೋಲನ್ನು ನೆಟ್ಟಗೆ ನಿಲ್ಲಿಸಿ ನೆರಳು ಅಳೆದರೆ ಸೂರ್ಯನ ಎತ್ತರ ಸಿಗುತ್ತದೆ. 1.73 ಮೀಟರ್ ನೆರಳಿಗೆ 30 ಡಿಗ್ರಿ, 2.75ಕ್ಕೆ 20, 5.67ಕ್ಕೆ 10. ಕೋನಮಾಪಕದ ನೇರ ಅಂಚಿನುದ್ದಕ್ಕೂ ಬಿಲ್ಲಿನ ನೆತ್ತಿಯ ಕೆಂಪನ್ನು ನೋಡುತ್ತಾ, ದಾರ 90ರ ಗೆರೆಯಿಂದ ಎಷ್ಟು ಸರಿದಿದೆ ಎಂದು ಇನ್ನೊಬ್ಬರಿಂದ ಓದಿಸಿ. ಎರಡನ್ನೂ ಕೂಡಿಸಿದರೆ 41ರಿಂದ 44ರೊಳಗೆ ಬರಬೇಕು. ತೀರಾ ಹೆಚ್ಚುಕಡಿಮೆಯಾದರೆ ನೆಲ ಇಳಿಜಾರಾಗಿದೆಯೇ ನೋಡಿ. ಸೂರ್ಯನನ್ನು ಮಾತ್ರ ಈ ಸಾಧನದಿಂದ ನೇರವಾಗಿ ನೋಡಿ ಅಳೆಯಬಾರದು.

ಫೋಟೋ

ಇಡೀ ಬಿಲ್ಲಿನ ಅಗಲ 84 ಡಿಗ್ರಿ. ಫೋನಿನ ಮುಖ್ಯ ಕ್ಯಾಮೆರಾಗೆ ಅದು ಹಿಡಿಸುವುದಿಲ್ಲ, 0.5ರ ವೈಡ್ ಲೆನ್ಸಿಗೆ ಹೋಗಿ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 18 ಮಿ.ಮೀ. ಅಥವಾ ಅದಕ್ಕಿಂತ ಅಗಲದ ಲೆನ್ಸ್ ಬೇಕು. ಎಕ್ಸ್‌ಪೋಶರ್ ಅರ್ಧದಿಂದ ಒಂದು ಸ್ಟಾಪ್ ಇಳಿಸಿದರೆ ಬಣ್ಣ ಬಿಳಿಚುವುದಿಲ್ಲ. ಕಾರಿನ ಗಾಜಿನ ಮೂಲಕ ತೆಗೆಯಬೇಡಿ.

ಬಿಲ್ಲಿನ ಬೆಳಕು ಹೆಚ್ಚುಕಡಿಮೆ ಪೂರ್ತಿ ಧ್ರುವೀಕೃತ, ಅಂದರೆ ಬಿಲ್ಲಿನ ಒಂದೊಂದು ಜಾಗದಿಂದ ಬರುವ ಬೆಳಕಿನ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ. ಒಂದೇ ದಿಕ್ಕಿನ ಕಂಪನವನ್ನಷ್ಟೇ ಬಿಡುವ ಪೋಲರೈಜರ್ ಫಿಲ್ಟರನ್ನು ಒಂದು ಕಡೆ ತಿರುಗಿಸಿದರೆ ಬಿಲ್ಲು ಎದ್ದು ಕಾಣುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಅಳಿಸಿಯೇ ಹೋಗುತ್ತದೆ. ವೈಡ್ ಲೆನ್ಸಿನಲ್ಲಿ ಇಡೀ ಬಿಲ್ಲಿಗೆ ಒಂದೇ ಸಲ ಇದು ಹೊಂದುವುದಿಲ್ಲ, ನೆತ್ತಿಗೆ ಸರಿಯಾದದ್ದು ಕಾಲುಗಳಿಗೆ ಮುಳುವು, ಹಾಗಾಗಿ ಇಡೀ ಬಿಲ್ಲಿಗೆ ಫಿಲ್ಟರ್ ತೆಗೆದಿಡುವುದೇ ಲೇಸು. ಪೋಲರಾಯ್ಡ್ ತಂಪು ಕನ್ನಡಕ ಹಾಕಿಕೊಂಡವರು "ಎಲ್ಲಿ, ಮೇಲೆ ಏನೂ ಇಲ್ಲವಲ್ಲ" ಎನ್ನುವುದೂ ಇದೇ ಕಾರಣಕ್ಕೆ. ಕನ್ನಡಕ ತೆಗೆಸಿ.

ಬಿಲ್ಲಲ್ಲದವು

ಬಣ್ಣ ಸೂರ್ಯನ ಕಡೆಗೇ ಇದ್ದರೆ ಅದು ಸಾಮಾನ್ಯವಾಗಿ ಕಾಮನಬಿಲ್ಲಲ್ಲ. 2021ರ ಮೇ 24ರಂದು ಬೆಂಗಳೂರಿನಲ್ಲಿ ಸೂರ್ಯನ ಸುತ್ತ ಕಂಡು ಎಲ್ಲರ ಫೋನಿನಲ್ಲೂ ಓಡಾಡಿದ ಉಂಗುರ 22 ಡಿಗ್ರಿಯ ಪ್ರಭಾವಲಯ. ಎತ್ತರದ ತೆಳು ಮೋಡದ ಹಿಮಹರಳುಗಳಲ್ಲಿ ಬೆಳಕು ಬಾಗಿ ಆದದ್ದು, ಅದರಲ್ಲಿ ಕೆಂಪು ಒಳಗಿರುತ್ತದೆ. ವಿಮಾನದ ಕಿಟಕಿಯಿಂದ ಮೋಡದ ಮೇಲೆ ವಿಮಾನದ ನೆರಳಿನ ಸುತ್ತ ಕಾಣುವ ಪುಟ್ಟ ಬಣ್ಣದ ಬಳೆಯೂ ಬೇರೆ, ಅದು ಕೆಲವೇ ಡಿಗ್ರಿ ಅಗಲ. ಅನುಮಾನ ಬಂದರೆ ನೆರಳು ನೋಡಿ, ಎರಡು ಗೇಣು ಅಳೆಯಿರಿ. ಒಂದೇ ಗೇಣಿಗೆ, ಅದೂ ಸೂರ್ಯನ ಪಕ್ಕದಲ್ಲೇ ಸಿಕ್ಕಿದರೆ ಹಿಮಹರಳು; ಅಳೆಯುವಾಗ ಸೂರ್ಯನನ್ನು ಮರದ ಕೊಂಬೆಗೋ ಕಂಬಕ್ಕೋ ಮರೆ ಮಾಡಿಕೊಳ್ಳಿ.